ಮುಲಾಮು ಎಷ್ಟು ಹಚ್ಚಬೇಕು?

ನಮ್ಮ ಮನೆಯಲ್ಲಿ ಮಗನ ಇಸುಬಿನ ಮುಲಾಮಿನ ವಿಷಯದಲ್ಲಿ ಎರಡು ಪಕ್ಷ ಅದಾವ. "ಸ್ಟೀರಾಯ್ಡ್ ಅಂತವಾ, ಹಚ್ಚಿದ್ರೂ ಹಚ್ಚಿಲ್ಲ ಅನ್ನಂಗ ಹಚ್ಚು" ಅನ್ನೋದು ನಮ್ಮ ಅತ್ತೆಯವರ ಪಕ್ಷ. ಯಜಮಾನರದು ಬಿಸಿ ರೊಟ್ಟಿಗೆ ಬೆಣ್ಣೆ ಸವರೋ ಪಕ್ಷ. ಡಬ್ಬಿ ಮೇಲೆ ನೋಡಿದರೆ "ತೆಳುವಾಗಿ ಹಚ್ಚಿ" ಅಂತ ಇರುತ್ತೆ. ಯಾರ ತೆಳು? ಅತ್ತೆಯದೋ, ಅವರ ಮಗನದೋ?

ಸಿಂಧನೂರಿನಿಂದ ರಾಯಚೂರಿಗೆ ಹೋದಾಗ ಚರ್ಮದ ಡಾಕ್ಟರಮ್ಮ ನನ್ನ ತೋರುಬೆರಳು ಹಿಡಿದು ಮೊದಲ ಗೆಣ್ಣಿನ ಗೆರೆಯ ಮೇಲೆ ಪೆನ್ನಿಂದ ಗುರುತು ಹಾಕಿದರು. "ತುದಿಯಿಂದ ಇಲ್ಲಿ ತನಕ ಉದ್ದಕ ಹಿಂಡ್ರಿ. ನಿಮ್ಮ ಎರಡು ಅಂಗೈ ಅಗಲದ ಜಾಗಕ್ಕ ಇಷ್ಟು ಬೇಕು, ಬೆರಳೂ ಹಿಡಿದು." ಅದು ಹತ್ತಿರ ಹತ್ತಿರ ಅರ್ಧ ಗ್ರಾಂ. 1991ರಲ್ಲಿ ಬ್ರಿಟನ್ನಿನ ಲಾಂಗ್ ಮತ್ತು ಫಿನ್ಲೆ ಅನ್ನೋ ವೈದ್ಯರು "ಒಂದು ಬೆರಳ ತುದಿ" ಅನ್ನೋ ಈ ಅಳತೆಯನ್ನ ಬರೆದಿಟ್ಟರಂತೆ. ಅವರ ಲೆಕ್ಕ 5 ಮಿಲಿಮೀಟರ್ ಬಾಯಿಯ ಟ್ಯೂಬಿನದು. ಟ್ಯೂಬಿನ ಬಾಯಿ ಸಣ್ಣದಿದ್ದರೆ ಗೆರೆ ಅಷ್ಟೇ ಉದ್ದ ಬಂದರೂ ಮುಲಾಮು ಕಡಿಮೆ.

ಮಗನಿಗೆ ನಾಲ್ಕು ವರ್ಷ. ಮೊಣಕೈ ಮಡಚೋ ಜಾಗ, ಮೊಣಕಾಲ ಹಿಂದೆ, ಒಟ್ಟು ನಾಲ್ಕು ಕಡೆ, ಒಂದೊಂದೂ ನನ್ನ ಅರ್ಧ ಅಂಗೈಯಷ್ಟು. ಎಲ್ಲಾ ಸೇರಿ ಒಂದೇ ಬೆರಳ ತುದಿ. ಈ ವಯಸ್ಸಿನ ಮಕ್ಕಳಿಗೆ ಒಂದು ಇಡೀ ಕಾಲಿಗೆ, ಪಾದ ಸೇರಿ, ಮೂರು ಬೆರಳ ತುದಿ ಹಿಡಿಯುತ್ತೆ ಅಂದಾಗ ಅತ್ತೆಯವರು "ಯವ್ವಾ!" ಅಂತ ಬಾಯಿ ಮೇಲೆ ಕೈ ಇಟ್ಟರು. ಮಗ ತನ್ನ ಪುಟ್ಟ ಬೆರಳು ಚಾಚಿ "ನನ್ ಬೆರಳಿಂದ ಅಳಿ" ಅಂತಾನ. ಹಂಗ ಅಳೆಯೋದಲ್ಲ, ಮೈ ಮಗುವಿನದಾದರೂ ಬೆರಳು ದೊಡ್ಡವರದೇ ಆಗಬೇಕು.

15 ಗ್ರಾಂ ಟ್ಯೂಬಿನಲ್ಲಿ ಇಂಥವು ಸುಮಾರು 30 ಬರುತ್ತಾವ. ನಮಗೆ ಬರೆದದ್ದು ದಿನಕ್ಕೆ ಒಂದು ಸಲ, ಹತ್ತು ದಿನ. ಅಂದರೆ ಕೊನೆಗೆ ಟ್ಯೂಬು ಮೂರರಲ್ಲೊಂದು ಪಾಲು ಖಾಲಿ ಆಗಿರಬೇಕು. ತುಂಬಿದಂಗೇ ಇದ್ದರೆ ಅತ್ತೆ ಹಚ್ಚಿದ್ದಾರೆ, ಅರ್ಧಕ್ಕೆ ಬಂದಿದ್ದರೆ ಯಜಮಾನರು. ನನ್ನ ಕೇಳಿದರೆ ಅತ್ತೆಯವರದೂ ಕಡಿಮೆ ತಪ್ಪಲ್ಲ. ಸಾಲದಷ್ಟು ಹಚ್ಚಿದರೆ ಇಸುಬು ಆರೋದಿಲ್ಲ, ಕೂಸು ರಾತ್ರಿಯೆಲ್ಲ ಕೆರಕೋತದ, ಮುಲಾಮು ಹಚ್ಚೋ ದಿನಗಳೂ ಸುಮ್ಮನೆ ಉದ್ದ ಆಗುತ್ತಾವ.

ಈ ಲೆಕ್ಕ ಸ್ಟೀರಾಯ್ಡಿಗೆ ಮಾತ್ರ. ಮೈ ಒಣಗದಂಗ ಹಚ್ಚೋ ಕ್ರೀಮನ್ನ ಧಾರಾಳ ಬಳಿತೀನಿ, ಎರಡರ ನಡುವೆ ಅರ್ಧ ತಾಸು ಬಿಟ್ಟು. ಮುಖಕ್ಕೆ ಈ ಟ್ಯೂಬು ಮುಟ್ಟಿಸೋದಿಲ್ಲ, ಅಲ್ಲಿನ ಚರ್ಮ ತೆಳು. ಮುಖಕ್ಕೆ ಬೇಕಾದರೆ ಸೌಮ್ಯವಾದದ್ದು ಬೇರೆ ಬರೆದುಕೊಡ್ತಾರ.

ನಮ್ಮ ಕಡೆ ಬೇಸಿಗೆಯ ಬೆವರಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳೋದು ಮಾಮೂಲು. ಪಕ್ಕದ ಮನೆಯಕ್ಕ ಅದಕ್ಕಂತ ಈ ಟ್ಯೂಬು ಕೇಳಾಕ ಬಂದಿದ್ದರು. ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚಿದರೆ ಮೊದಲು ತುರಿಕೆ ನಿಂತಂಗ ಆಗಿ, ಆಮೇಲೆ ಇನ್ನಷ್ಟು ಹರಡುತ್ತೆ. ಕೊಡಲಿಲ್ಲ. ಬ್ಯಾಸರ ಮಾಡಿಕೊಂಡರು, ಮಾಡಿಕೊಳ್ಳಲಿ.