ಪಳಗಿಸಬೇಕಿಲ್ಲದ ಶೂ

ಕಳೆದ ವರ್ಷ ಯುಗಾದಿ ಮುಗಿದ ವಾರದಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿದು ಬಲಗಾಲನ್ನು ನೆಲಕ್ಕೆ ಊರಿದ ಕೂಡಲೇ ಹಿಮ್ಮಡಿಗೆ ಮೊಳೆ ಹೊಕ್ಕಂತಾಯಿತು. ಗೋಡೆ ಹಿಡಿದು ಬಚ್ಚಲಮನೆಗೆ ಹೋಗಿ ಬರುವಷ್ಟರಲ್ಲಿ ನೋವು ಇಳಿದಿತ್ತು. ಕಾಫಿ ಕುಡಿಯುವ ಹೊತ್ತಿಗೆ ಮರೆತೇ ಹೋಯಿತು. ಮರುದಿನ ಮತ್ತೆ ಅದೇ ಮೊಳೆ. ನಲವತ್ತೈದು ದಾಟಿದ ಮೇಲೆ ಓಟ ಹಚ್ಚಿಕೊಂಡು, ವಾರಕ್ಕೆ ನಾಲ್ಕು ದಿನ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತಲಿನ ಮಣ್ಣು ಹಾದಿಯಲ್ಲಿ ಮೂರು ಕಿಲೋಮೀಟರ್ ಓಡುತ್ತಿದ್ದ ನಾನು, ಇದು ವಯಸ್ಸಿನ ಸೂಚನೆಯೆಂದು ತಿಳಿದು ಎರಡು ವಾರ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತೆ. ಮೂರನೆಯ ವಾರ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋದಾಗ ಅವರು ಕಾಲನ್ನು ಒತ್ತಿ ನೋಡಿ, ಮುಂದಿನ ಸಲ ಬರುವಾಗ ಓಡುವ ಶೂ ತನ್ನಿ ಎಂದರು. ಕಾಲಿನ ನೋವಿಗೆ ಶೂವಿನ ತಪಾಸಣೆ ಏಕೆಂದು ನನಗೆ ಆಗ ಹೊಳೆಯಲಿಲ್ಲ.

ಶೂ ನೋಡಲು ಚೆನ್ನಾಗಿಯೇ ಇತ್ತು. ವಾರಕ್ಕೊಮ್ಮೆ ಬ್ರಷ್ ಹಾಕಿ ಒರೆಸುತ್ತಿದ್ದೆ. ಮೇಲಿನ ಬಟ್ಟೆ ಎಲ್ಲೂ ಹರಿದಿರಲಿಲ್ಲ, ಹೊಲಿಗೆ ಬಿಟ್ಟಿರಲಿಲ್ಲ. ಅವರು ಎರಡನ್ನೂ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಲು ಹೇಳಿದರು. ಬಲಗಾಲಿನದು ಒಳಬದಿಗೆ ವಾಲಿಕೊಂಡು, ಸಭೆಯಲ್ಲಿ ತೂಕಡಿಸುವವರ ತಲೆಯಂತೆ ಕಾಣುತ್ತಿತ್ತು. ಅಟ್ಟೆಗೂ ಬಟ್ಟೆಗೂ ನಡುವಿನ ದಪ್ಪ ಬಿಳಿಯ ಪದರದಲ್ಲಿ, ಹಿಮ್ಮಡಿಯ ನೇರಕ್ಕೆ, ಅಡ್ಡಲಾಗಿ ಸುಕ್ಕುಗಳು ಬಿದ್ದಿದ್ದವು. ಅಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿ ರಬ್ಬರನ್ನು ಒತ್ತಿದ ಹಾಗಿತ್ತು. ಎಷ್ಟು ದಿನದ್ದು ಎಂದು ಕೇಳಿದರು. ಎರಡು ವರ್ಷವಾಗಿತ್ತು, ವಾರಕ್ಕೆ 12 ಕಿ.ಮೀ. ಎಂದು ಲೆಕ್ಕ ಹಾಕಿದರೆ 1,200 ದಾಟುತ್ತದೆ. ಓಟದ ಶೂವಿನ ಆಯುಷ್ಯವನ್ನು ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಎಂದು ಎಣಿಸುತ್ತಾರಂತೆ. ಅಂದರೆ ಸತ್ತ ಶೂವನ್ನು ನಾನು ವರ್ಷವಿಡೀ ತೊಳೆದು, ಒರೆಸಿ, ಕಾಲಿಗೆ ಹಾಕಿಕೊಂಡು ತಿರುಗಿದ್ದೆ.

ನಮ್ಮ ತಲೆಮಾರಿಗೆ ಈ ಸಾವು ಅರ್ಥವಾಗುವುದು ಕಷ್ಟ. ಉಂಗುಷ್ಟ ಕಿತ್ತು ಹೋದರೆ, ಅಟ್ಟೆ ಸವೆದು ತೂತು ಬಿದ್ದರೆ ಚಪ್ಪಲಿಯ ಕಾಲ ಮುಗಿಯಿತು. ಅದಕ್ಕೂ ಮೊದಲು ನಾಲ್ಕು ಸಲ ಹೊಲಿಸಿಯಾಗಿರುತ್ತದೆ. ಓಟದ ಶೂ ಮಾತ್ರ ಒಳಗಿನಿಂದ ಹಳತಾಗುತ್ತದೆ. ಅದರ ನಡುವಿನ ಮೆತ್ತೆ ಬಹಳಷ್ಟು ಶೂಗಳಲ್ಲಿ ಇವಿಎ ಎಂಬ ನೊರೆಪ್ಲಾಸ್ಟಿಕ್ಕಿನದು. ಇಡ್ಲಿಯನ್ನು ಮುರಿದಾಗ ಕಾಣುವ ರಂಧ್ರಗಳಿಗಿಂತ ಎಷ್ಟೋ ಪಟ್ಟು ಸಣ್ಣದಾದ, ಗಾಳಿ ತುಂಬಿದ ಗುಳ್ಳೆಗಳು ಅದರ ತುಂಬ ಇರುತ್ತವೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಅವುಗಳ ಮೇಲೆ ಬೀಳುತ್ತದೆ. ನನ್ನ ವೇಗದಲ್ಲಿ ಮೂರು ಕಿಲೋಮೀಟರಿಗೆ ಸುಮಾರು ನಾಲ್ಕು ಸಾವಿರ ಹೆಜ್ಜೆ. ಗುಳ್ಳೆಗಳ ಗೋಡೆಗಳು ಮಡಿಸಿ, ಬಿಚ್ಚಿ, ಕಡೆಗೊಂದು ದಿನ ಮಡಿಸಿದಂತೆಯೇ ಉಳಿದುಬಿಡುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಫಿಸಿಯೋಥೆರಪಿಸ್ಟ್ ಪ್ರಾಮಾಣಿಕರು, ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಾಸಿಕೊಂಡಿರುವ ದಪ್ಪ ತಂತುಪಟ್ಟಿಗೆ ಪೆಟ್ಟಾಗಿದೆಯೆಂದೂ, ಅದಕ್ಕೆ ಶೂ ಒಂದನ್ನೇ ದೂರುವುದು ಸರಿಯಲ್ಲವೆಂದೂ, ಮೀನಖಂಡದ ಬಿಗಿಯೂ ದೂರವನ್ನು ಅವಸರದಲ್ಲಿ ಹೆಚ್ಚಿಸಿದ್ದೂ ಕಾರಣವಿರಬಹುದೆಂದೂ ಹೇಳಿ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಮಾಡುವ ವ್ಯಾಯಾಮ ಹೇಳಿಕೊಟ್ಟರು. ಆದರೂ ಮೊದಲು ಶೂ ಬದಲಿಸಿ ಎಂದರು.

ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ದೇವರಾಜ ಅರಸು ರಸ್ತೆಯ ಅಂಗಡಿಯೊಂದಕ್ಕೆ ಒಬ್ಬಳೇ ಹೋದೆ. ಅಂಗಡಿಯ ಹುಡುಗ ಶೂವಿನ ಒಳಕ್ಕೆ ಹೆಬ್ಬೆರಳು ಅದುಮಿ, ‘ನೋಡಿ ಮೇಡಂ, ಹತ್ತಿ ಥರ’ ಎಂದ. ನಿಜವಾಗಿಯೂ ಹತ್ತಿಯಂತೆಯೇ ಇತ್ತು. ಎರಡು ವರ್ಷದ ಹಿಂದೆ ಇಂಥದ್ದೇ ಹೆಬ್ಬೆರಳಿಗೆ ಮರುಳಾಗಿ ಹಳೆಯ ಜೋಡಿಯನ್ನು ಕೊಂಡಿದ್ದೆನೆಂಬುದು ನೆನಪಾಗಿ, ಆಮೇಲೆ ಬರುತ್ತೇನೆಂದು ಹೇಳಿ ಹೊರಬಂದೆ. ಬೆರಳಿಗೆ ಸಿಗುವ ಆ ಮೆದು ಬಹುಪಾಲು ಒಳಗೆ ಹಾಸಿದ ತೆಳು ಹಾಳೆಯದು. ಅದು ಅಂಗಡಿಯಲ್ಲಿ ಐದು ನಿಮಿಷ ನಿಲ್ಲುವವರಿಗೆ ಹೇಳಿ ಮಾಡಿಸಿದ್ದು, ಓಡುವವರಿಗಲ್ಲ.

ಅಣ್ಣನ ಮಗಳು ಕಾಲೇಜು ತಂಡದಲ್ಲಿ 5,000 ಮೀಟರ್ ಓಡುವವಳು. ಫೋನಿನಲ್ಲಿ ಕಥೆ ಕೇಳಿ, ‘ಅತ್ತೆ, ಬೆಳಿಗ್ಗೆ ಯಾಕೆ ಹೋದ್ರಿ? ಸಂಜೆ ಹೋಗ್ಬೇಕು. ಇಡೀ ದಿನ ನಿಂತು ಪಾಠ ಮಾಡಿದ ಮೇಲೆ ಕಾಲು ಸ್ವಲ್ಪ ಊದಿರತ್ತೆ, ಓಡೋವಾಗಲೂ ಅಷ್ಟೇ ಊದತ್ತೆ. ಓಡೋ ಸಾಕ್ಸ್ ಹಾಕ್ಕೊಂಡು ಬನ್ನಿ, ನಾನೂ ಬರ್ತೀನಿ’ ಎಂದಳು. ಹೊರಡುವ ಮೊದಲು ಅವಳು ನಮ್ಮ ಮನೆಯ ಕೆಂಪು ಗಾರೆ ನೆಲದ ಮೇಲೆ ನನ್ನನ್ನು ಒದ್ದೆಗಾಲಿನಲ್ಲಿ ನಿಲ್ಲಿಸಿ ಗುರುತು ನೋಡಿದಳು. ಲಕ್ಷ್ಮಿಯ ಹೆಜ್ಜೆ ಬಿಡಿಸುವಾಗ ನಡುವೆ ಸಣ್ಣಗೆ ಬಳುಕಿಸುತ್ತೇವಲ್ಲ, ಆ ಬಳುಕು ನನ್ನ ಹೆಜ್ಜೆಯಲ್ಲಿ ಅಷ್ಟಾಗಿ ಇಲ್ಲ. ಪಾದ ಅಗಲ, ಕಮಾನು ತಗ್ಗು. ಅಂಥವರಿಗೆ ‘ಸಪೋರ್ಟ್’ ಇರುವ ಶೂ ಬೇಕೆಂದು ಅವಳ ತೀರ್ಪು. ಕಾಲು ನೆಲಕ್ಕೆ ತಾಗಿದೊಡನೆ ಪಾದ ಸ್ವಲ್ಪ ಒಳಕ್ಕೆ ಹೊರಳುವುದು ಎಲ್ಲರಲ್ಲೂ ಸಹಜವೇ. ಆ ಹೊರಳು ಅತಿಯಾಗುವವರಿಗೆಂದು ಶೂವಿನ ಒಳಬದಿಯಲ್ಲಿ ಹೆಚ್ಚು ಗಟ್ಟಿಯಾದ ನೊರೆಯನ್ನೋ ಎತ್ತರದ ಅಂಚನ್ನೋ ಕೊಟ್ಟಿರುತ್ತಾರೆ.

ಎರಡನೆಯ ಅಂಗಡಿಯಲ್ಲಿದ್ದ ಮಧ್ಯವಯಸ್ಕರು ಅವಸರದವರಲ್ಲ. ಅಣ್ಣನ ಮಗಳು ಮೊದಲು ಮಾಡಿದ ಕೆಲಸವೆಂದರೆ ಹೆಂಗಸರ ವಿಭಾಗದಲ್ಲಿ ನನ್ನ ಅಳತೆಯ ಶೂ ತೆಗೆಸಿ, ಒಳಹಾಳೆಯನ್ನು ಎಳೆದು ನೆಲಕ್ಕೆ ಹಾಕಿ, ಅದರ ಮೇಲೆ ನನ್ನನ್ನು ನಿಲ್ಲಿಸಿದ್ದು. ಕಿರುಬೆರಳು ಪೂರ್ತಿ ಹಾಳೆಯ ಹೊರಗಿತ್ತು. ಒಂದು ಅಳತೆ ದೊಡ್ಡದರಲ್ಲಿ ಮುಂದೆ ಅರ್ಧ ಬೆರಳು ಜಾಸ್ತಿ ಜಾಗ ಉಳಿಯಿತು, ಕಿರುಬೆರಳು ಮಾತ್ರ ಹೊರಗೇ. ಇಷ್ಟು ವರ್ಷ ನಾನು ಅಗಲದ ಕೊರತೆಯನ್ನು ಉದ್ದದಿಂದ ತುಂಬಿಸಿಕೊಳ್ಳುತ್ತಿದ್ದೆನೆಂದು ಅಲ್ಲಿ ತಿಳಿಯಿತು. ಹೊರದೇಶದ ಕಂಪನಿಗಳ ಹೆಂಗಸರ ಶೂಗಳ ಸಾಮಾನ್ಯ ಅಗಲಕ್ಕೆ ‘ಬಿ’ ಎಂದೂ ಗಂಡಸರದ್ದಕ್ಕೆ ‘ಡಿ’ ಎಂದೂ ಹೆಸರು. ಇನ್ನೂ ಅಗಲದವು ಇದ್ದರೂ ನಮ್ಮ ಊರಿನ ಅಂಗಡಿಗಳಿಗೆ ಬರುವುದು ಅಪರೂಪ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದಗಳನ್ನು ಅಳೆದು, ನಮ್ಮ ಪಾದಗಳು ಪಾಶ್ಚಾತ್ಯರದಕ್ಕಿಂತ ಅಗಲವೆಂದು ಕಂಡು, ‘ಭ’ ಎಂಬ ಹೆಸರಿನ ಅಳತೆಯನ್ನು ರೂಪಿಸಿದ ಸುದ್ದಿ 2024ರಲ್ಲಿ ಬಂದಿತ್ತು. ಅದನ್ನು ಓದಿದಾಗ ಬೇರೆ ಯಾರದ್ದೋ ಪಾದದ ವಿಷಯವೆಂದು ಪುಟ ತಿರುಗಿಸಿದ್ದೆ. ಗಂಡಸರ ಶೂ ತೋರಿಸಿ ಎಂದಾಗ ಅಲ್ಲಿದ್ದ ಹುಡುಗ, ‘ಮೇಡಂ, ಅದು ಜೆಂಟ್ಸ್ ಸೆಕ್ಷನ್’ ಎಂದು ನೆನಪಿಸಿದ. ಹಿರಿಯರು ಮಾತಾಡದೆ ಏಣಿ ಹತ್ತಿದರು.

ಮೂರು ಜೋಡಿಗಳು ಬಂದವು. ಮೊದಲನೆಯದು ಮೂರು ಬೆರಳು ದಪ್ಪದ ಅಟ್ಟೆಯದು, 13,500 ರೂಪಾಯಿ. ನಿಂತರೆ ಹಾಸಿಗೆಯ ಮೇಲೆ ನಿಂತಂತೆ. ಆದರೆ ಒಂಟಿಗಾಲಿನಲ್ಲಿ ನಿಂತಾಗ ಕಣಕಾಲು ಅತ್ತಿತ್ತ ತೂಗಿತು. ಬೇರುಗಳೆದ್ದ ಕೆರೆಹಾದಿಯಲ್ಲಿ ಇದನ್ನು ಹಾಕಿಕೊಂಡು ಓಡುವ ಧೈರ್ಯ ನನಗಿಲ್ಲ. ಎರಡನೆಯದು ಅವಳು ಬಯಸಿದ ಸಪೋರ್ಟಿನ ಶೂ. ಹಿಮ್ಮಡಿಯನ್ನು ಹಿಡಿದ ರೀತಿ ಸೊಗಸಾಗಿತ್ತು, ಆದರೆ ಕಮಾನಿನ ಕೆಳಗೆ ಒಂದು ಬೆಣಚುಕಲ್ಲು ಇಟ್ಟ ಹಾಗಿತ್ತು. ‘ನಾಲ್ಕು ದಿನ ಹಾಕಿದ್ರೆ ಪಳಗತ್ತೆ ಬಿಡು’ ಎಂದೆ. ಚಿಕ್ಕಂದಿನಲ್ಲಿ ಹೊಸ ಚಪ್ಪಲಿ ಕಚ್ಚಿದರೆ ಅಮ್ಮ ಕೊಬ್ಬರಿ ಎಣ್ಣೆ ಸವರಿ, ಶಾಲೆಯ ಬಿಳಿ ಕ್ಯಾನ್ವಾಸ್ ಶೂ ದೊಡ್ಡದಾದರೆ ತುದಿಗೆ ಹತ್ತಿ ತುರುಕಿ, ‘ಕಾಲೇ ಹೊಂದಿಕೊಳ್ಳುತ್ತದೆ’ ಎನ್ನುತ್ತಿದ್ದರು. ಆ ನಂಬಿಕೆ ಚರ್ಮಕ್ಕೆ ಸರಿ. ‘ಇದು ಚರ್ಮ ಅಲ್ಲ ಅತ್ತೆ. ಈಗ ಒತ್ತಿದ್ದು ಐದನೇ ಕಿಲೋಮೀಟರಲ್ಲಿ ಇನ್ನೂ ಒತ್ತತ್ತೆ’ ಎಂದು ಅವಳೇ ಅದನ್ನು ಪಕ್ಕಕ್ಕಿಟ್ಟಳು. ತನ್ನ ತೀರ್ಪನ್ನು ಅಷ್ಟು ಬೇಗ ಬಿಟ್ಟುಕೊಡುವುದು ನಮ್ಮ ಮನೆತನದ ಗುಣವಲ್ಲ. ಅವಳಿಗೆ ಅದು ತಾಯಿಯ ಕಡೆಯಿಂದ ಬಂದಿರಬೇಕು.

ಮೂರನೆಯದು ಬೂದು ಬಣ್ಣದ, ಕಣ್ಣಿಗೆ ಏನೂ ಅಲ್ಲದ ಜೋಡಿ. ಮೆತ್ತೆ ಮೊದಲನೆಯದರಷ್ಟು ದಪ್ಪವಿರಲಿಲ್ಲ, ಆದರೆ ಅಟ್ಟೆಯ ಬುಡ ಅಗಲವಾಗಿತ್ತು. ಹಿಮ್ಮಡಿಯ ಗೂಡನ್ನು ಎರಡೂ ಕಡೆಯಿಂದ ಹಿಚುಕಿದರೆ ಬಗ್ಗಲಿಲ್ಲ. ತುದಿ ಬುಡ ಹಿಡಿದು ಬಗ್ಗಿಸಿದರೆ ನಡುವೆ ಮಡಿಸದೆ ಬೆರಳುಗಳ ಬುಡದಲ್ಲಿ ಮಾತ್ರ ಬಾಗಿತು. ತಿರುಗಿಸಿ ನೋಡಿದರೆ ಹಿಮ್ಮಡಿಯ ಹೊರ ಅಂಚಿನಲ್ಲಿ ಗಟ್ಟಿ ರಬ್ಬರಿತ್ತು. ದುಬಾರಿಯದರಲ್ಲಿ ಹಗುರವಾಗಲೆಂದು ಅಲ್ಲೆಲ್ಲ ಬರಿಯ ನೊರೆಯನ್ನೇ ಬಿಟ್ಟಿದ್ದರು. ನಮ್ಮ ಗರಸು ಮಣ್ಣಿನ ಹಾದಿ ಅದನ್ನು ಮೂರು ತಿಂಗಳಲ್ಲಿ ಉಜ್ಜಿ ತಿನ್ನುತ್ತಿತ್ತು. ಹಾಕಿಕೊಂಡು ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿದೆಯೆಂದು ನೋಡಿ, ಹಿರಿಯರ ಅನುಮತಿ ಪಡೆದು ಕಾಂಪ್ಲೆಕ್ಸಿನ ಮೊಗಸಾಲೆಯಲ್ಲಿ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ನಾಲ್ಕು ಸಲ ಓಡಿದೆ. ಪಕ್ಕದ ಬಟ್ಟೆ ಅಂಗಡಿಯವರು ಹೊರಬಂದು ನೋಡಿದರು. ಮೂರನೆಯ ಸಲಕ್ಕೆ ಕಾಲಿನಲ್ಲಿ ಶೂ ಇದೆಯೆಂಬುದೇ ನನಗೆ ಮರೆತಿತ್ತು.

ಅದು ಹಿಂದಿನ ವರ್ಷದ ಮಾದರಿಯಾದ್ದರಿಂದ 8,499 ರೂಪಾಯಿಯದು 6,200ಕ್ಕೆ ಸಿಕ್ಕಿತು. ದುಡ್ಡು ಕೊಡುವ ಮುನ್ನ ಅವಳು ಡಬ್ಬದ ಮೇಲೆ ಅಚ್ಚಾದ ತಯಾರಿಕೆಯ ತಿಂಗಳು, ವರ್ಷ ಓದಿದಳು. ಅದಕ್ಕೆ ಕಾರಣ ಅವಳ ಅಪ್ಪ. ಮಡಿಕೇರಿಯಲ್ಲಿರುವ ಅಣ್ಣ ಎಂದೋ ಹಿಮಾಲಯಕ್ಕೆ ಹೋಗಲಿದ್ದೇನೆಂದು ದುಬಾರಿ ಚಾರಣದ ಶೂ ಕೊಂಡು, ಆರು ವರ್ಷ ಅಟ್ಟದಲ್ಲಿ ಜೋಪಾನವಾಗಿಟ್ಟು, ಹೊರಡುವ ದಿನ ಹಾಕಿಕೊಂಡರೆ ಬಸ್ ನಿಲ್ದಾಣ ತಲಪುವಷ್ಟರಲ್ಲಿ ಅಟ್ಟೆ ಹಳೆಯ ರವೆಉಂಡೆಯಂತೆ ಪುಡಿಯಾಗಿತ್ತು. ಕೆಲವು ಶೂಗಳ ಮೆತ್ತೆ ಪಾಲಿಯುರೆಥೇನಿನದು. ಗಾಳಿಯ ತೇವ ಅದರ ರಾಸಾಯನಿಕ ಕೊಂಡಿಗಳನ್ನು ನಿಧಾನವಾಗಿ ಬಿಡಿಸುತ್ತದೆ. ಮಲೆನಾಡಿನ ಮಳೆಗಾಲ ಆರು ಸಲ ಕಳೆದರೆ ಇನ್ನೇನಾಗುತ್ತದೆ? ಇವಿಎಗೆ ಈ ರೋಗವಿಲ್ಲ, ಆದರೂ ಅಂಟು ಹಳತಾಗುತ್ತದೆ. ನಮ್ಮದು ಹನ್ನೊಂದು ತಿಂಗಳ ಹಿಂದಿನದು, ಪರವಾಗಿಲ್ಲವೆಂದುಕೊಂಡೆವು.

ಕಮಾನು ತಗ್ಗಾಗಿದ್ದೂ ಸಪೋರ್ಟಿನ ಶೂ ಬಿಟ್ಟು ಬಂದೆನಲ್ಲ ಎಂಬ ಅಳುಕು ರಾತ್ರಿ ಕಾಡಿದ್ದರಿಂದ ಒಂದಷ್ಟು ಓದಿದೆ. ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ದಳದ ತರಬೇತಿ ಶಿಬಿರಗಳಲ್ಲಿ ಪಾದದ ಗುರುತು ನೋಡಿ ಕೆಲವರಿಗೆ ತಕ್ಕ ಶೂ ಕೊಟ್ಟು, ಉಳಿದವರಿಗೆ ಪಾದ ನೋಡದೆ ಒಂದೇ ಬಗೆಯದನ್ನು ಕೊಟ್ಟು ಹೋಲಿಸಿದಾಗ, ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿರಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಬರೆದ ಲೇಖನದಲ್ಲಿ, ಓಡುವವರು ತಮಗೆ ಹಿತವೆನಿಸುವ ಶೂವನ್ನೇ ಆರಿಸಿಕೊಳ್ಳಲಿ, ಆ ಹಿತವೇ ಒಂದು ಜರಡಿ ಎಂಬ ವಿಚಾರವನ್ನು ಮುಂದಿಟ್ಟಿದ್ದಾರೆ. ಹಿತ ಎಂಬುದನ್ನು ಅಂಗಡಿಯ ಹೆಬ್ಬೆರಳಿನ ಮೆದುವೆಂದು ತಿಳಿದರೆ ಈ ಜರಡಿಯೂ ತೂತು ಬಿದ್ದದ್ದೇ. ಓಡಿ ನೋಡಿ ಸಿಗುವ ಹಿತವೇ ಬೇರೆ.

ಹಿಮ್ಮಡಿ ನೋವು ಹೊಸ ಶೂ ಬಂದ ಮಾತ್ರಕ್ಕೆ ಹೋಗಲಿಲ್ಲ. ಮೆಟ್ಟಿಲಿನ ವ್ಯಾಯಾಮ, ತಿಂಗಳೊಪ್ಪತ್ತು ಬರಿಯ ನಡಿಗೆ, ಆಮೇಲೆ ಒಂದೊಂದೇ ಕಿಲೋಮೀಟರ್ ಓಟ ಎಂದು ಮೂರು ತಿಂಗಳು ಹಿಡಿಯಿತು. ಶೂವಿನ ಮೇಲ್ತುದಿಯಲ್ಲಿ ಯಾಕಿದೆಯೆಂದೇ ತಿಳಿಯದಿದ್ದ ಹೆಚ್ಚುವರಿ ತೂತಿನಲ್ಲಿ ಲೇಸನ್ನು ಕುಣಿಕೆ ಮಾಡಿ ಬಿಗಿದರೆ ಹಿಮ್ಮಡಿ ಜಾರುವುದಿಲ್ಲವೆಂದು ಅವಳು ತೋರಿಸಿದ ಮೇಲೆ, ಇಳಿಜಾರಿನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುವುದು ನಿಂತಿತು. ಮಳೆಯಲ್ಲಿ ನೆನೆದರೆ ಬಿಸಿಲಿಗೆ ಇಡದೆ ಹಳೆಯ ಪತ್ರಿಕೆ ತುರುಕಿ ಫ್ಯಾನಿನ ಕೆಳಗಿಡುತ್ತೇನೆ.

ನಾಲಗೆಯ ಒಳಬದಿಯಲ್ಲಿ ಕೊಂಡ ದಿನಾಂಕವನ್ನು ಬಾಲ್‌ಪೆನ್ನಿನಲ್ಲಿ ಬರೆದಿದ್ದೇನೆ. ಓಡಿದ ದೂರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಏರುತ್ತಿದೆ; ಮೊನ್ನೆಗೆ 430. ಹಳೆಯ ಜೋಡಿ ದೇವರಾಜ ಮಾರುಕಟ್ಟೆಯಿಂದ ತರಕಾರಿ ತರಲು ಮಾತ್ರ ಕಾಲಿಗೇರುತ್ತದೆ. ಅಣ್ಣನ ಮಗಳು ಬಂದಾಗಲೆಲ್ಲ ಬಾಗಿಲ ಬಳಿ ಬೂದು ಜೋಡಿಯನ್ನೆತ್ತಿ ಹಿಂದಿನಿಂದ ಒಮ್ಮೆ ನೋಡಿ, ಹಿಮ್ಮಡಿಯ ನೇರಕ್ಕೆ ಹೆಬ್ಬೆರಳು ಒತ್ತಿ, ‘ಇನ್ನೂ ಇದೆ ಅತ್ತೆ’ ಎಂದು ಹೇಳಿ ಒಳಗೆ ಬರುತ್ತಾಳೆ.