ತೋರಾದ ಅಕ್ಷರಗಳಲ್ಲಿ ಗುಪ್ತ ಲೆಕ್ಕ: ಹುಡುಕುವುದು ಹೇಗೆ, ಎಡವುವುದು ಎಲ್ಲಿ

ಯೆಹೂದಿಗಳ ಪವಿತ್ರ ಗ್ರಂಥ ತೋರಾದ ಐದು ಪುಸ್ತಕಗಳಲ್ಲಿ ಸಮಾನ ಅಂತರದ ಅಕ್ಷರಗಳನ್ನು ಆರಿಸಿದರೆ ಗುಪ್ತ ಪದಗಳು ಸಿಗುತ್ತವೆ ಎಂದು ಕೆಲವರು ಹೇಳುತ್ತಾರೆ. ಅದರ ಮೊದಲ ಪುಸ್ತಕವಾದ ಹೀಬ್ರೂ ಆದಿಕಾಂಡವನ್ನು ತೆಗೆದುಕೊಂಡು, ಪದಗಳ ನಡುವಿನ ಜಾಗವನ್ನೆಲ್ಲ ಅಳಿಸಿ, ಅಕ್ಷರಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ. 6ನೆಯ ಅಕ್ಷರ ತಾವ್. ಮೊದಲ ಪದ ‘ಬೆರೇಶಿತ್’ ಮುಗಿಯುವುದೇ ಅದರಿಂದ. ಅಲ್ಲಿಂದ 50 ಎಣಿಸಿ. 56ನೆಯದು ವಾವ್, ಎರಡನೆಯ ವಚನದ ‘ತೆಹೋಮ್’ ಒಳಗಿನದು. 106ನೆಯದು ರೇಶ್, ನಾಲ್ಕನೆಯ ವಚನದ ಮೊದಲ ಪದದಲ್ಲಿ. 156ನೆಯದು ಹೇ, ಐದನೆಯ ವಚನದ ‘ಎಲೋಹೀಮ್’ನಲ್ಲಿ. ನಾಲ್ಕನ್ನೂ ಕೂಡಿಸಿ ಓದಿದರೆ ‘ತೋರಾ’. ಕಂಪ್ಯೂಟರ್ ಬರುವ ಮೊದಲೇ ರಬ್ಬಿ ಮೈಕೇಲ್ ಡೋವ್ ವೈಸ್ಮಾಂಡ್ಲ್ ಇಂಥವನ್ನು ಕೈಯಲ್ಲೇ ಎಣಿಸಿ ಗುರುತಿಸಿದ್ದರು. ಅಷ್ಟು ಶ್ರದ್ಧೆಯಿಂದ ಎಣಿಸಿದವರ ಬಗ್ಗೆ ಗೌರವ ಇರಲೇಬೇಕು.

ವಿಮೋಚನಕಾಂಡದಲ್ಲೂ ಹೀಗೇ: ಮೊದಲ ತಾವ್ 8ನೆಯ ಅಕ್ಷರ, ಅಲ್ಲಿಂದ 58, 108, 158ಕ್ಕೆ ಹೋದರೆ ಅದೇ ಪದ. ಮುಂದೆ ನಿಯಮ ಸಡಿಲವಾಗುತ್ತದೆ. ಯಾಜಕಕಾಂಡದಲ್ಲಿ ‘ತೋರಾ’ ಇಲ್ಲ, ಮೊದಲ ಯೋದ್‌ನಿಂದ 8ರ ಅಂತರದಲ್ಲಿ ದೇವರ ನಾಲ್ಕಕ್ಷರದ ಹೆಸರು ತೋರಿಸುತ್ತಾರೆ. ಅರಣ್ಯಕಾಂಡದಲ್ಲಿ ಪದ ತಿರುಗುಮುರುಗು, ಅದೂ ಮೊದಲ ಹೇಯಿಂದಲ್ಲ, ಮೂರನೆಯದರಿಂದ. ಧರ್ಮೋಪದೇಶಕಾಂಡದಲ್ಲೂ ತಿರುಗುಮುರುಗೇ, ಆದರೆ ಶುರು 5ನೆಯ ವಚನದಿಂದ, ಅಂತರ 50 ಅಲ್ಲ, 49. ಐದು ಪುಸ್ತಕಗಳಲ್ಲಿ ಪದ, ದಿಕ್ಕು, ಆರಂಭ, ಅಂತರ ನಾಲ್ಕೂ ಬದಲಾದವು. ಪ್ರತಿ ಬದಲಾವಣೆಯೂ ಸಿಗುವ ಸಂಭವವನ್ನು ಹೆಚ್ಚಿಸುತ್ತದೆ. ಎಷ್ಟು ಹೆಚ್ಚಿಸುತ್ತದೆ ಎಂದು ಲೆಕ್ಕ ಹಾಕಲೂಬಹುದು.

ಕೋರೆನ್ ಮುದ್ರಣದ ಆದಿಕಾಂಡದಲ್ಲಿ 78,064 ಅಕ್ಷರಗಳಿವೆ. ಹೀಬ್ರೂವಿನ 22 ಅಕ್ಷರಗಳೂ ಸಮನಾಗಿ ಬರುತ್ತವೆ ಎಂದುಕೊಂಡರೆ, ಒಂದು ಜಾಗದಿಂದ ಹೊರಟು ಬೇಕಾದ ನಾಲ್ಕಕ್ಷರ ಸಿಗುವ ಸಂಭವ 2,34,256ರಲ್ಲಿ 1. ಅಂತರವನ್ನು 2ರಿಂದ 500ರವರೆಗೆ, ಎರಡೂ ದಿಕ್ಕಿನಲ್ಲಿ ಹುಡುಕಿದರೆ ಯಾವುದೇ ನಾಲ್ಕಕ್ಷರದ ಪದ ಸುಮಾರು 330 ಸಲ ಸಿಗಬೇಕು. ‘ತೋರಾ’ದಲ್ಲಿರುವ ವಾವ್ ಮತ್ತು ಹೇ ಹೀಬ್ರೂವಿನಲ್ಲಿ ತುಂಬ ಬಳಕೆಯ ಅಕ್ಷರಗಳು, ಹಾಗಾಗಿ ಅದು ಇನ್ನೂ ಹೆಚ್ಚು ಸಿಗುತ್ತದೆ. ಪದ ಸಿಕ್ಕಿತು ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಸಿಕ್ಕಿತು ಎಂಬುದೊಂದೇ ಪ್ರಶ್ನೆ.

ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಡೊರೋನ್ ವಿಟ್ಜ್‌ಟಮ್, ಎಲಿಯಾಹು ರಿಪ್ಸ್ ಮತ್ತು ಯೋಆವ್ ರೋಸೆನ್‌ಬರ್ಗ್. 1994ರಲ್ಲಿ ಅವರ ಲೇಖನ ‘ಸ್ಟಾಟಿಸ್ಟಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. 32 ಪ್ರಸಿದ್ಧ ರಬ್ಬಿಗಳ ಹೆಸರುಗಳು ಮತ್ತು ಅವರ ಜನನ ಅಥವಾ ಮರಣದ ತಿಥಿಗಳು ಆದಿಕಾಂಡದಲ್ಲಿ ಸಮಾನ ಅಂತರದ ಸಾಲುಗಳಾಗಿ ಪರಸ್ಪರ ಎಷ್ಟು ಹತ್ತಿರ ಬರುತ್ತವೆ ಎಂದು ಅಳೆದರು. ಆಮೇಲೆ ಯಾರ ಹೆಸರಿಗೆ ಯಾರ ತಿಥಿ ಎಂಬುದನ್ನು 9,99,999 ಸಲ ಕಲಸಿ ಅದೇ ಅಳತೆ ಮಾಡಿದರು. ಹತ್ತು ಲಕ್ಷದಲ್ಲಿ ನಿಜವಾದ ಜೋಡಣೆಗೆ ಬಂದ ಅತ್ಯುತ್ತಮ ಸ್ಥಾನ 4. ಅಳತೆಗೋಲು ನಾಲ್ಕು ಬಳಸಿದ್ದರಿಂದ ಅದನ್ನು 4ರಿಂದ ಗುಣಿಸಿ, ಆಕಸ್ಮಿಕವಾಗಿ ಹೀಗಾಗುವ ಸಂಭವ 0.000016 ಎಂದು ಬರೆದರು. ಈ ಗುಣಾಕಾರ ಸರಿಯಾದ ಕ್ರಮ.

ತೊಡಕು ಇದ್ದದ್ದು ಹೆಸರುಗಳಲ್ಲಿ. ಒಬ್ಬ ರಬ್ಬಿಗೆ ಹುಟ್ಟುಹೆಸರು, ಬಿರುದು, ಬರೆದ ಗ್ರಂಥದಿಂದ ಬಂದ ಹೆಸರು, ಸಂಕ್ಷೇಪ ಎಲ್ಲ ಇರುತ್ತವೆ. ಕಾಗುಣಿತವೂ ಒಂದೇ ಅಲ್ಲ. ತಿಥಿಯನ್ನೂ ಹಲವು ರೂಪಗಳಲ್ಲಿ ಬರೆಯಬಹುದು. ಬ್ರೆಂಡನ್ ಮೆಕೇ, ಡ್ರೋರ್ ಬಾರ್-ನಾಟನ್, ಮಾಯಾ ಬಾರ್-ಹಿಲೆಲ್ ಮತ್ತು ಗಿಲ್ ಕಲೈ 1999ರಲ್ಲಿ ಅದೇ ಪತ್ರಿಕೆಯಲ್ಲಿ ಇದನ್ನು ಬಿಡಿಸಿಟ್ಟರು. ಮೊದಲ ತಂಡ ಹೋಲಿಕೆಗೆಂದು ಟಾಲ್‌ಸ್ಟಾಯ್ ಕಾದಂಬರಿ ‘ಯುದ್ಧ ಮತ್ತು ಶಾಂತಿ’ಯ ಹೀಬ್ರೂ ಅನುವಾದದ ಮೊದಲ 78,064 ಅಕ್ಷರಗಳನ್ನು ತೆಗೆದುಕೊಂಡಿತ್ತು, ಅಲ್ಲಿ ಏನೂ ಸಿಕ್ಕಿರಲಿಲ್ಲ. ಅಷ್ಟೇ ಒಪ್ಪಬಹುದಾದ ಬೇರೆ ಹೆಸರುಗಳನ್ನು ಆರಿಸಿದರೆ ಫಲಿತಾಂಶ ಕಾದಂಬರಿಯಲ್ಲೇ ಬರುತ್ತದೆ, ಆದಿಕಾಂಡದಲ್ಲಿ ಬರುವುದಿಲ್ಲ ಎಂದು ಬಾರ್-ನಾಟನ್ ಮತ್ತು ಮೆಕೇ ತೋರಿಸಿದರು. ಇಂಗ್ಲಿಷ್ ಕಾದಂಬರಿ ‘ಮೋಬಿ ಡಿಕ್’ನಲ್ಲಿ ಮೆಕೇ ಇಂದಿರಾ ಗಾಂಧಿ ಹತ್ಯೆಯ ‘ಭವಿಷ್ಯ’ವನ್ನೂ ಹೊರತೆಗೆದರು.

ನೀವೇ ಪರೀಕ್ಷಿಸುವುದಾದರೆ ಹೆಚ್ಚಿನ ಸಮಯ ಹೋಗುವುದು ಪಠ್ಯದ ಶುದ್ಧಿಗೆ. ಹೀಬ್ರೂ ಫೈಲಿನಲ್ಲಿ ಸ್ವರಚಿಹ್ನೆ ಮತ್ತು ಪಠಣ ಚಿಹ್ನೆಗಳನ್ನು ತೆಗೆಯಿರಿ. ಐದು ಅಕ್ಷರಗಳಿಗೆ ಪದದ ಕೊನೆಯಲ್ಲಿ ಬೇರೆ ರೂಪವಿದೆ, ಯೂನಿಕೋಡ್‌ನಲ್ಲಿ ಬೇರೆ ಸಂಖ್ಯೆಯೂ ಇದೆ. ಅವನ್ನು ಮೂಲ ಅಕ್ಷರಕ್ಕೆ ಸೇರಿಸದಿದ್ದರೆ 22ರ ಬದಲು 27 ಆಗಿ ಆ ಅಕ್ಷರಗಳಿರುವ ಎಷ್ಟೋ ಸಾಲುಗಳು ತಪ್ಪಿಹೋಗಬಹುದು. ಅನೇಕ ಫೈಲುಗಳಲ್ಲಿ ವಿಭಾಗ ಸೂಚಿಸಲು ಒಂಟಿ ಪೇ ಅಥವಾ ಸಾಮೆಖ್ ಇರುತ್ತದೆ. ಜಾಗ ಅಳಿಸಿದ ಮೇಲೆ ಅದು ಪಠ್ಯದ ಅಕ್ಷರವೆಂದೇ ಎಣಿಕೆಗೆ ಬಂದು, ಮುಂದಿನದೆಲ್ಲ ಒಂದೊಂದು ಸ್ಥಾನ ಜರುಗುತ್ತದೆ. ಕೆಲವು ಪದಗಳಿಗೆ ಬರೆದ ರೂಪ, ಓದುವ ರೂಪ ಎರಡನ್ನೂ ಕೊಟ್ಟಿರುತ್ತಾರೆ. ಬರೆದದ್ದನ್ನು ಮಾತ್ರ ಇಟ್ಟುಕೊಳ್ಳಿ. ಕೊನೆಗೆ ಒಟ್ಟು 78,064 ಬಂತೇ, 6, 56, 106, 156ರಲ್ಲಿ ಮೇಲಿನ ನಾಲ್ಕು ಅಕ್ಷರಗಳಿವೆಯೇ ನೋಡಿ.

ಕನ್ನಡ ಲಿಪಿಯಲ್ಲಿರುವ ಗೀತೆಯನ್ನೋ ವಚನಗಳನ್ನೋ ಎಣಿಸುವವರಿಗೆ ಇನ್ನೊಂದು ತೊಡಕಿದೆ: ‘ಧರ್ಮಕ್ಷೇತ್ರೇ ಕುರುಕ್ಷೇತ್ರೇ’ ನಮ್ಮ ಕಿವಿಗೆ 8 ಅಕ್ಷರ, ಕಂಪ್ಯೂಟರಿಗೆ ಜಾಗ ಬಿಟ್ಟು 24 ಸಂಕೇತ. ‘ಕೊ’ ಎಂಬುದೊಂದನ್ನೇ 2 ಸಂಕೇತಗಳಲ್ಲೂ ಇಡಬಹುದು, 3ರಲ್ಲೂ ಇಡಬಹುದು. ಕಣ್ಣಿಗೆ ಕಾಣದ ಜೋಡಕ ಸಂಕೇತಗಳೂ ನುಸುಳಿರುತ್ತವೆ. ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತನ್ನಿ, ಆಮೇಲೆ ಅಕ್ಷರಗಳಾಗಿ ಒಡೆಯಿರಿ, ಪದಾಂತ್ಯದ ಅರೆವ್ಯಂಜನವನ್ನು ಹಿಂದಿನ ಅಕ್ಷರಕ್ಕೇ ಸೇರಿಸಿ. ಅನುಷ್ಟುಪ್ ಶ್ಲೋಕಕ್ಕೆ 32 ಅಕ್ಷರ ಬರಬೇಕು. ಬರದಿದ್ದರೆ ಮೊದಲು ನಿಮ್ಮ ಒಡೆಯುವ ಕ್ರಮವನ್ನು ಪರೀಕ್ಷಿಸಿ.

ಪಾಠಭೇದ ನಮ್ಮಲ್ಲಂತೂ ದೊಡ್ಡದು. ವಾಲ್ಮೀಕಿ ರಾಮಾಯಣದ 24,000 ಶ್ಲೋಕಗಳಲ್ಲಿ ಸಾವಿರಕ್ಕೊಂದರಂತೆ ಮೊದಲ ಅಕ್ಷರ ತೆಗೆದರೆ ಗಾಯತ್ರಿಯ 24 ಅಕ್ಷರಗಳು ಬರುತ್ತವೆ ಎಂಬ ಸಂಪ್ರದಾಯವಿದೆ. ಪಾರಾಯಣಕ್ಕೆ ಅದು ಪೂಜ್ಯ. ಎಣಿಕೆಗೆ ಹೊರಟರೆ ಮಾತ್ರ ಯಾವ ಪಾಠ ಎಂದು ಮೊದಲು ಹೇಳಬೇಕಾಗುತ್ತದೆ: ಬರೋಡಾದ ಪರಿಷ್ಕೃತ ಆವೃತ್ತಿಯಲ್ಲಿ 19,000ಕ್ಕಿಂತ ಕಡಿಮೆ ಶ್ಲೋಕಗಳಿವೆ.

ಉದ್ದೇಶಪೂರ್ವಕವಾಗಿ ಇಟ್ಟ ಸಂಖ್ಯೆ ಹೇಗಿರುತ್ತದೆ ಎಂಬುದಕ್ಕೆ, ಅಕ್ಷರಗಳಿಗೆ ಅಂಕಿ ಕೊಡುವ ಕಟಪಯಾದಿ ಪದ್ಧತಿ ಸಾಕು. ಕರ್ನಾಟಕ ಸಂಗೀತದ ಮೇಳರಾಗ ಮೇಚಕಲ್ಯಾಣಿ: ಮ 5, ಚ 6, ತಿರುಗಿಸಿದರೆ 65ನೆಯ ಮೇಳ. ಧೀರಶಂಕರಾಭರಣ: ಧ 9, ರ 2, ತಿರುಗಿಸಿದರೆ 29. ‘ಮೇಚ’, ‘ಧೀರ’ ಸೇರಿದ್ದೇ ಸಂಖ್ಯೆ ಹೊಂದಲೆಂದು. ಇಲ್ಲಿ ಕೀಲಿ ಮೊದಲೇ ಗೊತ್ತು, ದಿಕ್ಕು ಒಂದೇ, ರಾಗದಿಂದ ರಾಗಕ್ಕೆ ನಿಯಮ ಬದಲಾಗುವುದಿಲ್ಲ.

ಹಾಗಾಗಿ ಹುಡುಕಾಟಕ್ಕೆ ಇಳಿಯುವ ಮೊದಲೇ ಪಠ್ಯದ ಆವೃತ್ತಿ, ಪದಗಳ ಪಟ್ಟಿ, ಕಾಗುಣಿತ, ಅಂತರದ ಮಿತಿ, ದಿಕ್ಕು ಎಲ್ಲವನ್ನೂ ಬರೆದು, ತಾರೀಖು ಹಾಕಿ, ಇನ್ನೊಬ್ಬರ ಕೈಗೆ ಕೊಡಿ. ಪದಗಳನ್ನು ಆರಿಸುವವರು ಪಠ್ಯದಲ್ಲಿ ಇಣುಕಿ ನೋಡಿರಬಾರದು. ಆಮೇಲೆ ಜೋಡಣೆಯನ್ನು 10,000 ಸಲ ಕಲಸಿ ನಿಮ್ಮ ಫಲಿತಾಂಶ ಎಷ್ಟನೆಯದು ನೋಡಿ. 400ನೆಯದಾದರೆ ಆಕಸ್ಮಿಕದ ಸಂಭವ ಶೇಕಡಾ 4. ನಡುವೆ ಐದು ಬಗೆಯ ಕಾಗುಣಿತ ಪ್ರಯತ್ನಿಸಿ ಅತ್ಯುತ್ತಮವನ್ನು ಇಟ್ಟುಕೊಂಡಿದ್ದರೆ 5ರಿಂದ ಗುಣಿಸಿ, ಶೇಕಡಾ 20 ಎಂದೇ ಬರೆಯಿರಿ. ಕೈಬಿಟ್ಟ ನಾಲ್ಕು ಕಾಗುಣಿತಗಳ ಫಲಿತಾಂಶವನ್ನೂ ಅದರ ಪಕ್ಕದಲ್ಲೇ ಕೊಡಿ.