ಮರದ ಮೇಲಿನ ಬೆಕ್ಕು: ಎರಡನೇ ವರ್ಷದ ಲೆಕ್ಕ

ಮರ ಹತ್ತಿ ಇಳಿಯಲಾಗದೆ ಕೂತ ಬೆಕ್ಕುಗಳನ್ನು ಇಳಿಸುವ ನನ್ನ ಕೆಲಸದ ಬಗ್ಗೆ ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ಒಂದು ಸಲ ಬರೆದಿದ್ದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಗೀಚಿಟ್ಟುಕೊಂಡಿದ್ದು ಬಿಟ್ಟರೆ ಏನೂ ಬರೆದಿಲ್ಲ, ಸೋಮಾರಿತನ ಅಷ್ಟೆ. ಈ ಒಂದು ವರ್ಷದಲ್ಲಿ ಮೈಸೂರು, ಸುತ್ತಮುತ್ತ ಸೇರಿ 14 ಸಲ ಹಗ್ಗದ ಬ್ಯಾಗ್ ಹೊತ್ತುಕೊಂಡು ಹೋಗಿದ್ದೇನೆ. 10 ಬೆಕ್ಕು ಚೀಲದಲ್ಲಿ ಕೆಳಗೆ ಬಂದವು. ಎರಡು, ನಾನು ಇನ್ನೂ ಹಗ್ಗ ಬಿಚ್ಚುತ್ತಿರುವಾಗಲೇ ತಾವೇ ಇಳಿದು ಓಡಿದವು (ಹಗ್ಗ ನೋಡಿ ಹೆದರಿದವೋ ನನ್ನ ಮುಖ ನೋಡಿಯೋ). ಒಂದನ್ನು ಇಳಿಸಿದ್ದು ನಾನಲ್ಲ, ಬೇರೆಯವರು. ಒಂದು ಹಾರಿತು.

ಹಾರಿದ್ದರ ಕತೆ ಆಮೇಲೆ ಹೇಳುತ್ತೇನೆ. ಮೊದಲು ಸಾಮಾನಿನ ವಿಷಯ.

ಹೋದ ಸಲ ನಾನು ಬಂಡೆ ಹತ್ತುವ ಹಗ್ಗದಲ್ಲೇ ಮರ ಹತ್ತುತ್ತಿದ್ದೆ. ಭಾನುವಾರ ಕುಂತಿಬೆಟ್ಟಕ್ಕೆ ಹೋಗುವವನು, ಕೈಯಲ್ಲಿ ಇದ್ದದ್ದು ಅದೇ. ಆ ಹಗ್ಗ ಹಿಗ್ಗುತ್ತದೆ. ಬಿದ್ದಾಗ ಸೊಂಟ ಮುರಿಯದಿರಲಿ ಅಂತ ಬೇಕಂತಲೇ ಹಾಗೆ ಮಾಡಿರುತ್ತಾರೆ. ಆದರೆ ಮರದಲ್ಲಿ ಹಗ್ಗವನ್ನೇ ಹಿಡಿದು ಮೇಲೆ ಹೋಗಬೇಕಲ್ಲ, ಅಲ್ಲಿ ಇದು ಬೇಡದ ಗುಣ. ಮೊದಲ ಹತ್ತು ಎಳೆತ ಹಗ್ಗ ಹಿಗ್ಗುವುದಕ್ಕೇ ಹೋಗುತ್ತದೆ, ನೀವು ನೆಲದಲ್ಲೇ ಇರುತ್ತೀರಿ, ಸುತ್ತ ನಿಂತ ಮಕ್ಕಳು ನಗುತ್ತಿರುತ್ತಾರೆ. ಮೇಲೆ ಹೋದ ಮೇಲೂ ಉಯ್ಯಾಲೆ ಥರ ಕುಪ್ಪಳಿಸುತ್ತಿದ್ದರೆ ಬೆಕ್ಕು ಸುಮ್ನೆ ಕೂತಿರುತ್ತಾ? ಡಿಸೆಂಬರಿನಲ್ಲಿ ಕೊನೆಗೂ 11 ಮಿಲಿಮೀಟರ್ ದಪ್ಪದ ಸ್ಟ್ಯಾಟಿಕ್ ಹಗ್ಗ ತಗೊಂಡೆ, 45 ಮೀಟರ್. ಹಿಗ್ಗುವುದು ತೀರಾ ಕಡಿಮೆ. ಒಂದು ವರ್ಷ ಮುಂಚೆ ತಗೋಬೇಕಿತ್ತು.

ಗಂಟು ಮಾತ್ರ ಹಳೆಯದೇ, ಪ್ರೂಸಿಕ್. 1931ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ ಎನ್ನುವ ಪರ್ವತಾರೋಹಿ ಎಲ್ಲರಿಗೂ ತೋರಿಸಿಕೊಟ್ಟ ಗಂಟು. ಭಾರ ಬಿದ್ದರೆ ಬಿಗಿಯುತ್ತದೆ, ಭಾರ ತೆಗೆದರೆ ಮೇಲಕ್ಕೆ ಸರಿಸಬಹುದು, ಅಷ್ಟೇ ಅದರ ಗುಟ್ಟು. ಮಳೆಗಾಲದಲ್ಲಿ ನೆನೆದರೆ ಸಡಿಲವಾಗುವುದಕ್ಕೆ ಹಟ ಮಾಡುತ್ತದೆ. ಬೇರೆ ಗಂಟು ಕಲಿಯಬೇಕು ಅಂತ ಹೋದ ಸಲವೂ ಬರೆದಿದ್ದೆ, ಇನ್ನೂ ಕಲಿತಿಲ್ಲ.

ಹಗ್ಗ ಮೇಲಕ್ಕೆ ಹೋಗುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಎಸೆಯುವುದು. ಕ್ಯಾನ್ವಾಸ್ ಬಟ್ಟೆಯ ಪುಟ್ಟ ಚೀಲ, ಒಳಗೆ ಮೀನು ಹಿಡಿಯುವವರು ಗಾಳಕ್ಕೆ ಕಟ್ಟುವ ಸೀಸದ ಗುಂಡು, ಒಟ್ಟು 300 ಗ್ರಾಂ. ಅದಕ್ಕೆ ತೆಳ್ಳಗಿನ ಕಿತ್ತಳೆ ಬಣ್ಣದ ದಾರ. ಗಟ್ಟಿ ಕವಲಿನ ಮೇಲಿಂದ ಅದು ಆಚೆ ಬೀಳಬೇಕು, ಆಮೇಲೆ ದಾರಕ್ಕೆ ಹಗ್ಗ ಕಟ್ಟಿ ಎಳೆಯಬೇಕು, ಇಬ್ಬರು ಜೋತುಬಿದ್ದು ಕೊಂಬೆ ತಡೆಯುತ್ತದಾ ನೋಡಬೇಕು. ಕೇಳುವುದಕ್ಕೆ ಸುಲಭ. ಸರಸ್ವತಿಪುರಂನಲ್ಲಿ ಒಂದು ದೊಡ್ಡ ಮಳೆ ಮರದ ಕೆಳಗೆ 23 ಸಲ ಎಸೆದಿದ್ದೇನೆ, ತಂಗಿ ಲೆಕ್ಕ ಇಟ್ಟಿದ್ದಾಳೆ. 23ನೆಯದು ಒಂದು ಸಣ್ಣ ರೆಂಬೆಗೆ ಮೂರು ಸುತ್ತು ಸುತ್ತಿಕೊಂಡು ಅಲ್ಲೇ ಉಳಿಯಿತು. ಎಷ್ಟು ಎಳೆದರೂ ಬರಲಿಲ್ಲ. ನಾನೇ ಕೂತು ಹೊಲಿದ ಚೀಲ. ಅವತ್ತು ಏಣಿ ತರಿಸಿ, ಕೆಳಗಿನ ಕೊಂಬೆಯಿಂದ ಲ್ಯಾನ್‌ಯಾರ್ಡ್ (ಸೊಂಟದಿಂದ ಮರಕ್ಕೆ ಸಿಕ್ಕಿಸುವ ಗಿಡ್ಡ ಹಗ್ಗ) ಹಾಕಿಕೊಂಡು ಒಂದೊಂದೇ ಕೊಂಬೆ ಹತ್ತಿ ಬೆಕ್ಕನ್ನು ಇಳಿಸಿದೆ. ಚೀಲ ಮರದಲ್ಲೇ ಇತ್ತು.

ಇನ್ನು ಹಾರಿದ ಬೆಕ್ಕು.

ಫೆಬ್ರವರಿ, ಕುವೆಂಪುನಗರ, ಸಿಲ್ವರ್ ಓಕ್. ಹಳದಿ ಪಟ್ಟೆಯ ಗಂಡು ಬೆಕ್ಕು, ಬೀದಿ ನಾಯಿ ಅಟ್ಟಿಸಿಕೊಂಡು ಬಂದು ಹತ್ತಿತ್ತಂತೆ. ಎರಡು ರಾತ್ರಿ ಅಲ್ಲೇ ಇತ್ತು. ಎದುರು ಮನೆ ಅಂಕಲ್ ಒಬ್ಬರು "ಹಸಿವಾದ್ರೆ ಅದೇ ಇಳಿಯುತ್ತೆ ಬಿಡಪ್ಪಾ" ಅಂತ ಮೊದಲ ದಿನದಿಂದ ಹೇಳುತ್ತಲೇ ಇದ್ದರು. ಈ ಮಾತು ಪ್ರತಿ ಬೀದಿಯಲ್ಲೂ ಸಿಗುತ್ತದೆ. ಕೆಲವು ಇಳಿಯುತ್ತವೆ, ನಿಜ. ಅದಕ್ಕೇ ಹತ್ತಿದ ದಿನವೇ ನಾನೂ ಹೋಗುವುದಿಲ್ಲ, ನಾಯಿಗಳನ್ನು ಓಡಿಸಿ, ಜನ ದೂರ ಹೋಗಿ, ರಾತ್ರಿ ಬುಡದಲ್ಲಿ ಊಟ ಇಡಿ ಅಂತ ಹೇಳುತ್ತೇನೆ. ಆದರೆ ಬೆಕ್ಕಿನ ಉಗುರು ಒಳಕ್ಕೆ ಬಾಗಿದ ಕೊಕ್ಕೆ. ಹತ್ತುವಾಗ ತೊಗಟೆಗೆ ಕಚ್ಚಿಕೊಳ್ಳುತ್ತದೆ, ತಲೆ ಕೆಳಗೆ ಮಾಡಿ ಇಳಿಯಲು ಹೋದರೆ ಅದೇ ಉಗುರು ಜಾರುತ್ತದೆ. ಅಳಿಲು ಹಿಂಗಾಲಿನ ಪಾದವನ್ನೇ ಹಿಂದಕ್ಕೆ ತಿರುಗಿಸಿಕೊಂಡು ಸರಸರ ಇಳಿಯುತ್ತದೆ, ಬೆಕ್ಕಿಗೆ ಆ ಪಾದ ಇಲ್ಲ. ಅದು ಹಿಮ್ಮುಖವಾಗಿಯೇ ಇಳಿಯಬೇಕು, ಕೆಳಗೆ ಏನಿದೆ ಕಾಣದೆ. ಕೆಲವಕ್ಕೆ ಅದು ಹೊಳೆಯುವುದೇ ಇಲ್ಲ. ಮೂರು ನಾಲ್ಕು ದಿನ ಏನೂ ತಿನ್ನದಿದ್ದರೆ ಅವುಗಳ ಲಿವರಿನಲ್ಲಿ ಕೊಬ್ಬು ಸೇರಿ ಕಾಯಿಲೆ ಬೀಳುತ್ತವೆ, ದಪ್ಪ ಬೆಕ್ಕುಗಳಂತೂ ಇನ್ನೂ ಬೇಗ.

ಸರಿ, ನಾನು ಆಫೀಸು ಮುಗಿಸಿ ಹೋಗುವಾಗ ಐದೂವರೆ. ಇಡೀ ಬೀದಿ ಅಲ್ಲಿತ್ತು, ಮೊಬೈಲುಗಳೆಲ್ಲ ಮೇಲಕ್ಕೆ. ನಾಲ್ಕು ಹುಡುಗರು ಬೆಡ್‌ಶೀಟ್ ಹಿಡಿದು ಬುಡದಲ್ಲೇ ನಿಂತಿದ್ದರು. ಸುಮಾರು 35 ಅಡಿ ಹೋದೆ. ಬೆಕ್ಕು ನನಗಿಂತ ಆರು ಅಡಿ ಮೇಲೆ, ಬೆರಳು ದಪ್ಪದ ರೆಂಬೆಯ ಬುಡದಲ್ಲಿ. ಬೆಳಕು ಹೋಗುತ್ತಿತ್ತು. ನಾನು ಒಂದು ಅಡಿ ಹೋದರೆ ಅದೂ ಒಂದು ಅಡಿ. ಕೆಳಗಿನಿಂದ "ಹಿಡಿ, ಹಿಡಿ, ಕಾಲು ಹಿಡಿ" ಅಂತ ಕೂಗು. ನಾನು ಕೇಳಬಾರದಿತ್ತು. ಕೈ ಚಾಚಿ ಹಿಂಗಾಲು ಹಿಡಿದೆ. ಅದು ಬುಸ್ ಅಂತ ತಿರುಗಿ, ನನ್ನ ಮಣಿಕಟ್ಟು ಪರಚಿ, ಹಾರಿಯೇಬಿಟ್ಟಿತು.

ಬೆಡ್‌ಶೀಟಿನ ಕಡೆಗಲ್ಲ. ಬೆಡ್‌ಶೀಟಿಗೆ ಬೆನ್ನು ಹಾಕಿ. ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಸುರಿದಿದ್ದ ಎಂ-ಸ್ಯಾಂಡ್ ಗುಡ್ಡೆ ಇತ್ತು, ಅದರ ಅಂಚಿಗೆ ಬಿದ್ದು ಎದ್ದು ಓಡಿತು. ಜನ ಚಪ್ಪಾಳೆ ತಟ್ಟಿದರು! ನನಗೆ ಇಳಿಯುವಾಗ ಕಾಲು ನಡುಗುತ್ತಿತ್ತು.

ಎರಡು ದಿನ ಬಿಟ್ಟು ಆ ಮನೆಯ ಅಕ್ಕ ಫೋನ್ ಮಾಡಿದರು. ಬೆಕ್ಕು ಮನೆಗೆ ಬಂದಿದೆ, ಬಾಯಿಂದ ಜೊಲ್ಲು ಸುರಿಯುತ್ತಿದೆ, ತಿನ್ನುತ್ತಿಲ್ಲ. ಡಾಕ್ಟರ್ ನೋಡಿ ಕೆಳದವಡೆ ನಟ್ಟನಡುವೆ ಸೀಳಿದೆ ಅಂದರು. ಎತ್ತರದಿಂದ ಬಿದ್ದ ಬೆಕ್ಕುಗಳಲ್ಲಿ ಇದು ಮಾಮೂಲಂತೆ. ಕಾಲು ನೆಲಕ್ಕೆ ಸರಿಯಾಗಿಯೇ ಬರುತ್ತದೆ, ಆದರೆ ಆ ರಭಸಕ್ಕೆ ಗದ್ದ ಹೋಗಿ ನೆಲಕ್ಕೆ ಬಡಿಯುತ್ತದೆ. ತಂತಿ ಹಾಕಿ ಬಿಗಿದರು. ಒಂದೂವರೆ ತಿಂಗಳಲ್ಲಿ ಸರಿಹೋಯಿತು. ಅರ್ಧ ಖರ್ಚು ನಾನು ಕೊಟ್ಟೆ, ಅವರು ಬೇಡ ಅಂದರೂ.

ಅವತ್ತಿನಿಂದ "ಬೆಕ್ಕು ಅಲ್ವಾ, ಬಿದ್ರೆ ಏನೂ ಆಗಲ್ಲ" ಅನ್ನುವವರ ಹತ್ತಿರ ಸ್ವಲ್ಪ ಜಾಸ್ತಿಯೇ ವಾದ ಮಾಡುತ್ತೇನೆ. 1987ರಲ್ಲಿ ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು, ಬಹುಮಹಡಿ ಕಟ್ಟಡದಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕ ಪ್ರಕಟಿಸಿದ್ದರು, ಶೇಕಡಾ 90 ಬದುಕಿದವು ಅಂತ. ಎಲ್ಲರೂ ಹಿಡಿದುಕೊಂಡಿರುವುದು ಇದೇ ಲೆಕ್ಕವನ್ನು. ಆದರೆ ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಯಾರಾದರೂ ಆಸ್ಪತ್ರೆಗೆ ತರುತ್ತಾರಾ? ಅವು ಲೆಕ್ಕದಲ್ಲೇ ಇಲ್ಲ. ಬದುಕಿದವೂ ಸುಮ್ನೆ ಎದ್ದು ಹೋದವಲ್ಲ, ಎಷ್ಟೋ ಬೆಕ್ಕುಗಳಿಗೆ ಎದೆಗೆ, ದವಡೆಗೆ, ಕಾಲಿಗೆ ಪೆಟ್ಟಾಗಿತ್ತು.

ಆಮೇಲೆ ಏನೇನು ಬದಲಾಯಿಸಿದೆ ಅಂದರೆ, ಮುಖ್ಯವಾಗಿ ಕೊನೆಯ ಆರು ಅಡಿ. ಮರ ಹತ್ತುವುದನ್ನು ಕುಂತಿಬೆಟ್ಟದಲ್ಲೇ ಕಲಿತಾಗಿತ್ತು, ಈ ಆರು ಅಡಿಯನ್ನು ಎಲ್ಲೂ ಕಲಿತಿರಲಿಲ್ಲ. ಈಗ ಬೆಕ್ಕಿಗಿಂತ ಸ್ವಲ್ಪ ಕೆಳಗೆ, ಪಕ್ಕಕ್ಕೆ ಬಂದು ನಿಂತುಬಿಡುತ್ತೇನೆ. ಅದರ ಕಡೆ ನೋಡುವುದೂ ಇಲ್ಲ. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಒಣ ಸೀಗಡಿ ಪುಡಿಯ ಡಬ್ಬಿ ತೆಗೆದಿಡುತ್ತೇನೆ. ಮೇಲೆ ಹತ್ತಿದ ಎಷ್ಟೋ ಬೆಕ್ಕು ನಿಜವಾಗಿ ಓಡಿಹೋಗಬೇಕು ಅಂತಿರುವುದಿಲ್ಲ, ನಾನು ಯಾರು ಅಂತ ಗೊತ್ತಾಗಬೇಕು ಅಷ್ಟೆ. ಮೂಸಿ ನೋಡಿ, ಕೈಗೆ ತಲೆ ಉಜ್ಜಿದ ಮೇಲೆ ಚೀಲ.

ಚೀಲದ ಉಪಾಯ ನನ್ನದಲ್ಲ, ಅಮೆರಿಕದಲ್ಲಿ ಇದೇ ಕೆಲಸ ಮಾಡುವವರ ವಿಡಿಯೋಗಳಲ್ಲಿ ನೋಡಿ ಕಲಿತದ್ದು. ಗಾಳಿಯಾಡುವ ಬಟ್ಟೆಯ ಉದ್ದ ಚೀಲವನ್ನು ಒಳಗು ಹೊರಗು ಮಾಡಿ ತೋಳಿಗೆ ಗ್ಲೌಸ್ ಥರ ಹಾಕಿಕೊಳ್ಳಬೇಕು. ಆ ಕೈಯಲ್ಲೇ ಬೆಕ್ಕಿನ ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಹಿಡಿದು, ಇನ್ನೊಂದು ಕೈಯಲ್ಲಿ ಚೀಲವನ್ನು ಬೆಕ್ಕಿನ ಮೇಲೆ ಮಗುಚಿ ಎಳೆದು ಲಾಡಿ ಬಿಗಿದರೆ ಆಯಿತು. ಒಟ್ಟು ಮೂರು ಸೆಕೆಂಡ್. ಮನೆಯಲ್ಲಿ ದಿಂಬಿನ ಮೇಲೆ ಒಂದು ವಾರ ಅಭ್ಯಾಸ ಮಾಡಿದೆ, ಅಮ್ಮ ಇವನಿಗೆ ಏನೋ ಆಗಿದೆ ಅಂತ ನೋಡುತ್ತಿದ್ದರು.

ಸೀಗಡಿಯಿಂದ ಒಂದು ಪಜೀತಿಯೂ ಆಯಿತು. ಅಗ್ರಹಾರದ ಒಂದು ಮನೆಯ ನೇರಳೆ ಮರ, ಬಿಳಿ ಹೆಣ್ಣು ಬೆಕ್ಕು. ಅಜ್ಜಿ ಕೆಳಗಿನಿಂದ "ಅದಕ್ಕೆ ಹಾಗೆಲ್ಲ ಏನೂ ತೋರಿಸ್ಬೇಡಪ್ಪಾ, ನಮ್ಮನೇಲಿ ಅದು ಮೊಸರನ್ನ ಬಿಟ್ಟು ಬೇರೆ ಮುಟ್ಟಲ್ಲ" ಅಂದರು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅದು ಎರಡು ಕೊಂಬೆ ಹಾರಿಕೊಂಡು ಬಂದು ನನ್ನ ತೊಡೆಯ ಮೇಲೇ ಕೂತಿತು. ಅಜ್ಜಿಗೆ ಏನೂ ಹೇಳಲಿಲ್ಲ. ಕಾಫಿ ಚೆನ್ನಾಗಿತ್ತು.

ನಾನಲ್ಲದೆ ಬೇರೆಯವರು ಇಳಿಸಿದ್ದು ತೆಂಗಿನ ಮರದ ಬೆಕ್ಕನ್ನು. ತೆಂಗಿನಲ್ಲಿ ನನ್ನ ವಿದ್ಯೆ ನಡೆಯುವುದಿಲ್ಲ. ಕವಲೇ ಇಲ್ಲ, ಹಗ್ಗ ಎಲ್ಲಿ ಹಾಕುವುದು? ಇಲಿ ಎಳನೀರು ಕೊರೆಯಲು ಮೇಲೆ ಹೋಗುತ್ತದೆ, ಅದರ ಹಿಂದೆ ಬೆಕ್ಕು ಹೋಗುತ್ತದೆ, ಇಲಿ ಗರಿಯಿಂದ ಗರಿಗೆ ದಾಟಿ ಪಾರು, ಬೆಕ್ಕು ಸುಳಿಯಲ್ಲಿ ಕೂತು ಅಳುತ್ತದೆ. 50 ಅಡಿ ಇರಬಹುದು. ಕೇರಳದ ಚೆಂಬೇರಿಯ ಜೋಸೆಫ್ ಅನ್ನುವ ರೈತರು ಮಾಡಿದ ತೆಂಗು ಹತ್ತುವ ಯಂತ್ರ ಎಲ್ಲಾದರೂ ಬಾಡಿಗೆಗೆ ಸಿಗುತ್ತಾ ಅಂತ ನಾನು ಅರ್ಧ ದಿನ ಫೋನ್ ಮಾಡಿದೆ. ತಂಗಿ, 2019ರಲ್ಲಿ ಎಲ್ಲರ ಮೊಬೈಲಿನಲ್ಲೂ ಓಡಾಡಿತಲ್ಲ, ಬಂಟ್ವಾಳದ ಕಡೆಯ ಗಣಪತಿ ಭಟ್ಟರ ಅಡಿಕೆ ಮರ ಹತ್ತುವ ಬೈಕು, ಅದು ಆಗುತ್ತಾ ನೋಡು ಅಂದಳು. ಅಷ್ಟರಲ್ಲಿ ಮನೆಯವರು ಕಾಯಿ ಕೀಳುವ ಅಣ್ಣನನ್ನು ಕರೆದುಕೊಂಡು ಬಂದರು. ಅವರು ನನ್ನ ಹಾರ್ನೆಸ್ಸು, ಹೆಲ್ಮೆಟ್ಟು ಎಲ್ಲ ಒಂದು ಸಲ ನೋಡಿ "ಮಿಲಿಟ್ರಿನಾ?" ಅಂತ ಕೇಳಿ, ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು, ಹೆಗಲಿಗೆ ಗೋಣಿಚೀಲ ಸಿಕ್ಕಿಸಿಕೊಂಡು ಹತ್ತಿದರು. ಎಂಟು ನಿಮಿಷ. ಬೆಕ್ಕನ್ನು ಚೀಲಕ್ಕೆ ಹಾಕಿ, ಹೋದ ಕೆಲಸ ಯಾಕೆ ಬಿಡೋದು ಅಂತ ಎರಡು ಒಣಗರಿಯನ್ನೂ ಎಳೆದು ಹಾಕಿ ಇಳಿದರು. 200 ರೂಪಾಯಿ. ಅವರ ನಂಬರ್ ನನ್ನ ಫೋನಿನಲ್ಲಿದೆ. ತೆಂಗಿನ ಕರೆ ಬಂದರೆ ಇನ್ನು ಅವರಿಗೇ.

ಚಿಕ್ಕಪುಟ್ಟವು: ಮೇ ತಿಂಗಳಲ್ಲಿ ಮಾವಿನ ಮರದಲ್ಲಿ ಕೆಂಜಿಗ. ಎಲೆ ಹೊಲಿದ ಗೂಡು ಕಾಣಲಿಲ್ಲ, ತಲೆಯಿಂದಲೇ ತಾಗಿತು. ಕೆಂಜಿಗ ಇರುವ ಮರದಲ್ಲಿ ಬೆಕ್ಕು ಹಟ ಮಾಡುವುದಿಲ್ಲ ಅನ್ನುವುದು ಒಂದೇ ಲಾಭ. ಇನ್ನೊಂದು ಕಡೆ 11 ಕೆವಿ ತಂತಿ ಕೊಂಬೆಯ ಒಳಗೇ ಹಾದುಹೋಗಿತ್ತು. ಲೈನ್‌ಮ್ಯಾನ್ ಬಂದು ಕರೆಂಟ್ ತೆಗೆಯುವವರೆಗೆ ಹತ್ತುವುದಿಲ್ಲ ಅಂದೆ, ಮನೆಯವರಿಗೆ ಸಿಟ್ಟು ಬಂತು, ಬರಲಿ.

ಕಚ್ಚಿಸಿಕೊಂಡದ್ದು ಒಂದೇ ಸಲ, ಹೆಬ್ಬೆರಳಿಗೆ, ಅದೂ ನೆಲಕ್ಕೆ ಬಂದ ಮೇಲೆ ಲಾಡಿ ಬಿಚ್ಚುವಾಗ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದೆ. ಈ ಕೆಲಸ ಶುರು ಮಾಡುವಾಗಲೇ ರೇಬೀಸ್ ಲಸಿಕೆ ಮುಂಚಿತವಾಗಿ ಹಾಕಿಸಿಕೊಂಡಿದ್ದೆ, ಹಾಗಾಗಿ ಅವತ್ತು ಒಂದು, ಮೂರನೇ ದಿನ ಒಂದು, ಎರಡೇ ಇಂಜೆಕ್ಷನ್‌ನಲ್ಲಿ ಮುಗಿಯಿತು. ಬೀದಿ ಬೆಕ್ಕು ಮುಟ್ಟುವವರು ಯಾರೇ ಆಗಲಿ, ಹಗ್ಗಕ್ಕಿಂತ ಮುಂಚೆ ಇದನ್ನು ಮಾಡಿಸಿಕೊಳ್ಳಿ.

ಜನರನ್ನು ಈಗ ತಂಗಿ ನೋಡಿಕೊಳ್ಳುತ್ತಾಳೆ. ಕುವೆಂಪುನಗರದ ದಿನ ಅವಳು ಬಂದಿರಲಿಲ್ಲ, ಬಂದಿದ್ದರೆ ಕತೆಯೇ ಬೇರೆ ಇರುತ್ತಿತ್ತೇನೋ. ನಾಯಿ ಓಡಿಸುವುದು, ಬೆಡ್‌ಶೀಟ್ ಮಡಚಿಸುವುದು, ಗೇಟು ಹಾಕಿಸುವುದು, ಕೂಗುವವರನ್ನು ಒಂದು ನೋಟದಲ್ಲೇ ಸುಮ್ಮನಾಗಿಸುವುದು. ಮೇಲಿರುವ ನನಗೂ ಬಿಡುವುದಿಲ್ಲ. "ಅಣ್ಣಾ, ಕೈ ಹಿಂದಕ್ಕೆ ತಗೋ, ಅದರ ಕಿವಿ ನೋಡು" ಅಂತ ಕೆಳಗಿನಿಂದಲೇ. ಅವಳಿಗೆ ಅಲ್ಲಿಂದ ಕಿವಿ ಹೇಗೆ ಕಾಣುತ್ತೋ!

ಕೊನೆಯದು ಹದಿನೈದು ದಿನದ ಹಿಂದೆ. ಸರಸ್ವತಿಪುರಂ, ಅದೇ ಮಳೆ ಮರ, ಈ ಸಲ ಮೂರು ತಿಂಗಳ ಕಪ್ಪು ಮರಿ. ಹೊಸ ಚೀಲ, ನಾಲ್ಕನೇ ಎಸೆತಕ್ಕೇ ಕವಲು ಸಿಕ್ಕಿತು. 45 ಅಡಿಯಲ್ಲಿ ಮರಿ ಒಂದು ಪೊಟರೆಯ ಬಾಯಲ್ಲಿ ಕೂತಿತ್ತು, ಇಪ್ಪತ್ತು ನಿಮಿಷ ಕಾದೆ, ಬಂತು. ಅದನ್ನು ಚೀಲಕ್ಕೆ ಹಾಕಿ ತಿರುಗಿದರೆ ಎದುರಿಗೇ ನನ್ನ ಹಳೇ ಚೀಲ. ಕ್ಯಾನ್ವಾಸ್ ಬೆಳ್ಳಗಾಗಿದೆ, ಹೊಲಿಗೆ ಮಾತ್ರ ಗಟ್ಟಿ. ಆರೇ ಅಡಿ ದೂರ, ಆದರೆ ಹೆಬ್ಬೆರಳು ದಪ್ಪದ ರೆಂಬೆ, ಮಳೆ ಮರದ ರೆಂಬೆ ಹೇಗೆ ಪಟ್ಟನೆ ಮುರಿಯುತ್ತದೆ ಅಂತ ಮಳೆಗಾಲದಲ್ಲಿ ರಸ್ತೆ ನೋಡಿದವರಿಗೆಲ್ಲ ಗೊತ್ತು. ಕಾಗೆ, ಹದ್ದು ಸಿಕ್ಕಿಕೊಳ್ಳದಿರಲಿ ಅಂತ ಕೈಗೆ ಸಿಕ್ಕಷ್ಟು ಕಿತ್ತಳೆ ದಾರ ಎಳೆದು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಚೀಲವನ್ನು ಅಲ್ಲೇ ಬಿಟ್ಟು ಇಳಿದೆ.